ಸಿ₇ಎಚ್₈ಒ: ಉಂಗುರವಿರುವ ಸಮಾಂಗಿಗಳು ಐದೇ ಏಕೆ, ಗುರುತಿಸುವುದು ಹೇಗೆ?

ಪ್ರಶ್ನೆ: ಸಿ₇ಎಚ್₈ಒ ಸೂತ್ರಕ್ಕೆ ಬೆಂಜೀನ್ ಉಂಗುರವಿರುವ ಸಮಾಂಗಿಗಳು ಐದು ಎಂದು ಪಠ್ಯಪುಸ್ತಕದಲ್ಲಿದೆ. ನಾನು ಬರೆಯಲು ಕೂತರೆ ಎಂಟು, ಒಂಬತ್ತು ಆಗುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ? ಲ್ಯಾಬಿನಲ್ಲಿ ಇವುಗಳಲ್ಲೊಂದನ್ನು ಹೆಸರು ಹೇಳದೆ ಕೊಟ್ಟರೆ ಯಾವುದೆಂದು ಪತ್ತೆ ಹಚ್ಚುವುದು ಹೇಗೆ? ಎರಡು ಮೂರು ಬೆರೆತಿದ್ದರೆ ಬೇರ್ಪಡಿಸಬಹುದೇ?
(ಬಿ.ಎಸ್‌ಸಿ. ಎರಡನೇ ವರ್ಷದ ವಿದ್ಯಾರ್ಥಿನಿ)

ಉತ್ತರ: ಪುಸ್ತಕದ ಲೆಕ್ಕ ಸರಿ, ಸಮಾಂಗಿಗಳು (ಒಂದೇ ಸೂತ್ರವಿದ್ದೂ ರಚನೆ ಬೇರೆಯಾದ ಅಣುಗಳು) ಐದೇ. ಆರ್ಥೋ, ಮೆಟಾ, ಪ್ಯಾರಾ ಎಂಬ ಮೂರು ಕ್ರೆಸಾಲ್‌ಗಳು, ಬೆಂಜೈಲ್ ಆಲ್ಕೊಹಾಲ್ ಮತ್ತು ಅನಿಸೋಲ್. ನಿಮ್ಮ ಪಟ್ಟಿ ಎಂಟು ಒಂಬತ್ತಕ್ಕೆ ಬೆಳೆದಿದ್ದರೆ ಒಂದೇ ಅಣುವನ್ನು ಬೇರೆ ಬೇರೆ ಕಡೆಯಿಂದ ಬರೆದು ಎರಡೆರಡು ಸಲ ಎಣಿಸಿರುವ ಸಾಧ್ಯತೆಯೇ ಹೆಚ್ಚು.

ಚಿತ್ರ ಬರೆಯುವ ಮುನ್ನ ಸೂತ್ರವನ್ನು ಒಮ್ಮೆ ತೂಗಿ ನೋಡಿ. ಏಳು ಕಾರ್ಬನ್ ಇರುವ, ಉಂಗುರವಾಗಲಿ ದ್ವಿಬಂಧವಾಗಲಿ ಇಲ್ಲದ ಅಣುವಿನಲ್ಲಿ 16 ಹೈಡ್ರೋಜನ್ ಇರಬೇಕು. ಇಲ್ಲಿರುವುದು 8. ಕೊರತೆ 8, ಅಂದರೆ ನಾಲ್ಕು ಜೋಡಿ. ಆಕ್ಸಿಜನ್ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಂಜೀನ್ ಉಂಗುರಕ್ಕೆ ಬೇಕಾದದ್ದೂ ಸರಿಯಾಗಿ ನಾಲ್ಕೇ: ಮೂರು ದ್ವಿಬಂಧ, ಒಂದು ಉಂಗುರ. ಹಾಗಾಗಿ ಉಂಗುರ ಬರೆದ ಮೇಲೆ ಇನ್ನೊಂದು ದ್ವಿಬಂಧಕ್ಕೆ ಜಾಗವೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಎಲ್ಲಾದರೂ ಕಾರ್ಬೊನಿಲ್ ಗುಂಪು ಕಂಡರೆ ಅದನ್ನು ತಕ್ಷಣ ಹೊಡೆದುಹಾಕಿ. ಬೆಂಜಾಲ್ಡಿಹೈಡ್ ಸಿ₇ಎಚ್₆ಒ, ಅದರಲ್ಲಿ ಎರಡು ಹೈಡ್ರೋಜನ್ ಕಡಿಮೆ.

ಉಂಗುರಕ್ಕೆ ಆರು ಕಾರ್ಬನ್ ಹೋದವು. ಉಳಿದದ್ದು ಒಂದು ಕಾರ್ಬನ್, ಒಂದು ಆಕ್ಸಿಜನ್. ಎರಡೂ ಏಕಬಂಧದಲ್ಲೇ ಕೂರಬೇಕು. ಅವು ಪರಸ್ಪರ ಸೇರದೆ ಉಂಗುರದ ಎರಡು ಕಡೆ ಕೂತರೆ ಒಂದೆಡೆ ಮೀಥೈಲ್, ಇನ್ನೊಂದೆಡೆ ಹೈಡ್ರಾಕ್ಸಿಲ್. ಇವು ಕ್ರೆಸಾಲ್‌ಗಳು. ಎರಡೂ ಒಂದಕ್ಕೊಂದು ಅಂಟಿಕೊಂಡು ಒಂದೇ ಜಾಗದಲ್ಲಿ ಕೂತರೆ ಉಂಗುರಕ್ಕೆ ಹತ್ತಿರ ಇರುವುದು ಕಾರ್ಬನ್ ಆಗಬಹುದು, ಆಕ್ಸಿಜನ್ ಆಗಬಹುದು. ಕಾರ್ಬನ್ ಆದರೆ ಬೆಂಜೈಲ್ ಆಲ್ಕೊಹಾಲ್, ಆಕ್ಸಿಜನ್ ಆದರೆ ಅನಿಸೋಲ್. ಬೇರೆ ದಾರಿಯಿಲ್ಲ.

ಎಣಿಕೆ ಕೆಡುವುದು ಕ್ರೆಸಾಲ್‌ನಲ್ಲಿ. ಹೈಡ್ರಾಕ್ಸಿಲ್ ಇರುವ ಕಾರ್ಬನ್ನಿಗೆ 1 ಎಂದು ಸಂಖ್ಯೆ ಕೊಟ್ಟರೆ ಮೀಥೈಲ್ ಕೂರಲು 2ರಿಂದ 6ರವರೆಗೆ ಐದು ಸ್ಥಾನಗಳಿವೆ. ಆದರೆ 1 ಮತ್ತು 4ನೇ ಕಾರ್ಬನ್‌ಗಳ ಮೂಲಕ ಒಂದು ಗೆರೆ ಎಳೆದರೆ ಎಡ ಬಲ ಎರಡೂ ಒಂದೇ. 2 ಮತ್ತು 6 ಸಮಾನ (ಆರ್ಥೋ), 3 ಮತ್ತು 5 ಸಮಾನ (ಮೆಟಾ), 4 ಒಂಟಿ (ಪ್ಯಾರಾ). ಹಾಳೆಯನ್ನು ಮಗುಚಿ ಬೆಳಕಿಗೆ ಹಿಡಿದರೆ 6-ಮೀಥೈಲ್ ಫಿನಾಲ್ ಎಂದು ಬರೆದದ್ದು 2-ಮೀಥೈಲ್ ಫಿನಾಲ್ ಆಗಿಯೇ ಕಾಣುತ್ತದೆ. ಐದು ಬರೆದವರು ಎರಡನ್ನು ಹೆಚ್ಚಿಗೆ ಬರೆದಿರುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಆರ್ಥೋ ಕ್ರೆಸಾಲ್ ಬರೆಯುವಾಗ 1 ಮತ್ತು 2ನೇ ಕಾರ್ಬನ್‌ಗಳ ನಡುವೆ ಒಮ್ಮೆ ದ್ವಿಬಂಧ, ಒಮ್ಮೆ ಏಕಬಂಧ ಹಾಕಿ ಎರಡು ಅಣುಗಳೆಂದು ಎಣಿಸುವುದು. ಇದನ್ನು ಮಕ್ಕಳ ತಪ್ಪು ಎಂದು ತಳ್ಳಿಹಾಕಬೇಡಿ. ರಸಾಯನ ವಿಜ್ಞಾನಿ ಕೆಕುಲೆ 1865ರಲ್ಲಿ ಬೆಂಜೀನಿನ ಉಂಗುರ ರಚನೆ ಮುಂದಿಟ್ಟ ಮೇಲೆ ಲಾಡೆನ್‌ಬರ್ಗ್ ಎತ್ತಿದ ಆಕ್ಷೇಪವೇ ಇದು: ಆ ರಚನೆ ನಿಜವಾದರೆ ಆರ್ಥೋ ಸಂಯುಕ್ತಗಳು ಎರಡೆರಡು ಸಿಗಬೇಕಲ್ಲ, ಸಿಗುವುದು ಒಂದೇ ಏಕೆ? ಬಂಧಗಳು ಸ್ಥಾನ ಬದಲಿಸುತ್ತಲೇ ಇರುತ್ತವೆ ಎಂದು ಕೆಕುಲೆ 1872ರಲ್ಲಿ ಉತ್ತರ ಕೊಟ್ಟರು. ಇಂದಿನ ತಿಳಿವಳಿಕೆಯಲ್ಲಿ ಬಂಧಗಳು ಓಡಾಡುವುದಿಲ್ಲ. ಉಂಗುರದ ಆರೂ ಬಂಧಗಳಲ್ಲಿ ಎಲೆಕ್ಟ್ರಾನುಗಳು ಹರಡಿಕೊಂಡಿವೆ, ಬೆಂಜೀನಿನಲ್ಲಿ ಆರೂ ಬಂಧಗಳ ಉದ್ದ ಒಂದೇ. ಎಣಿಸುವಾಗ ದ್ವಿಬಂಧಗಳನ್ನು ಅಳಿಸಿ ಉಂಗುರದೊಳಗೆ ಒಂದು ವೃತ್ತ ಬರೆದುಕೊಳ್ಳಿ. ಈ ಗೊಂದಲ ಅಲ್ಲಿಗೇ ನಿಲ್ಲುತ್ತದೆ.

ಮೂರರಲ್ಲಿ ಯಾವುದು ಆರ್ಥೋ, ಯಾವುದು ಮೆಟಾ, ಯಾವುದು ಪ್ಯಾರಾ ಎಂದು ಯಂತ್ರಗಳಿಲ್ಲದ ಕಾಲದಲ್ಲಿ ನಿರ್ಧರಿಸಿದ ಬಗೆಯನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು. 1874ರಲ್ಲಿ ಕೋರ್ನರ್ ಡೈಬ್ರೋಮೊಬೆಂಜೀನ್‌ಗಳ ಮೇಲೆ ತೋರಿಸಿದ ದಾರಿ ಅದು. ಉಂಗುರದಲ್ಲಿ ಉಳಿದಿರುವ ಹೈಡ್ರೋಜನ್‌ಗಳಲ್ಲಿ ಒಂದನ್ನು ತೆಗೆದು ಇನ್ನೊಂದು ಬ್ರೋಮಿನ್ ಹಾಕಿದರೆ ಆರ್ಥೋದಿಂದ ಎರಡು ಬಗೆಯ ಟ್ರೈಬ್ರೋಮೊ ಸಂಯುಕ್ತ ಬರಬಲ್ಲವು, ಮೆಟಾದಿಂದ ಮೂರು, ಪ್ಯಾರಾದಿಂದ ಒಂದೇ. ಎಷ್ಟು ಬಗೆ ಬಂದವು ಎಂದು ಎಣಿಸಿದರೆ ಮೂಲ ಯಾವುದೆಂದು ಗೊತ್ತಾಯಿತು. ಇದೇ ಪರೀಕ್ಷೆಯನ್ನು ಕಾಗದದ ಮೇಲೆ ಕ್ರೆಸಾಲ್‌ಗಳಿಗೆ ಮಾಡಿದರೆ ಉತ್ತರ ಬೇರೆ, ಏಕೆಂದರೆ ಇಲ್ಲಿ ಎರಡು ಗುಂಪುಗಳು ಒಂದೇ ಅಲ್ಲ. ಪ್ಯಾರಾದಲ್ಲಿ 2, ಆರ್ಥೋದಲ್ಲಿ 4, ಮೆಟಾದಲ್ಲೂ 4. ಅಂದರೆ ಈ ವಿಧಾನ ಪ್ಯಾರಾವನ್ನು ಬೇರ್ಪಡಿಸುತ್ತದೆ, ಆರ್ಥೋ ಮತ್ತು ಮೆಟಾಗಳ ನಡುವೆ ತೀರ್ಪು ಕೊಡುವುದಿಲ್ಲ. ಕೋರ್ನರ್ ಒಂದೇ ಬಗೆಯ ಎರಡು ಗುಂಪುಗಳಿದ್ದ ಸಂಯುಕ್ತವನ್ನು ಹಿಡಿದದ್ದರಲ್ಲೇ ಅವರ ಜಾಣ್ಮೆ ಇದೆ.

ಇನ್ನು ಲ್ಯಾಬಿನ ವಿಷಯ. ಐದರದೂ ಅಣುತೂಕ ಒಂದೇ, 108.14. ಆದರೂ ಸ್ವಭಾವದಲ್ಲಿ ಮೂರು ಪಂಗಡ: ಉಂಗುರಕ್ಕೆ ನೇರ ಅಂಟಿದ ಹೈಡ್ರಾಕ್ಸಿಲ್, ಒಂದು ಕಾರ್ಬನ್ ಆಚೆಗಿರುವ ಹೈಡ್ರಾಕ್ಸಿಲ್, ಹೈಡ್ರಾಕ್ಸಿಲ್ಲೇ ಇಲ್ಲದ ಈಥರ್. ಪರೀಕ್ಷೆಗಳನ್ನು ಈ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ಮುಂದಿನ ಪರೀಕ್ಷೆ ಸುಳ್ಳು ಹೇಳುತ್ತದೆ, ಅದನ್ನು ಲ್ಯೂಕಾಸ್ ಪರೀಕ್ಷೆಯಲ್ಲಿ ನೋಡೋಣ.

ಮೊದಲು ಕ್ಷಾರ. ಪ್ರನಾಳದಲ್ಲಿ ಮಾದರಿಯ ಐದಾರು ಹನಿಗೆ 10% ಸೋಡಿಯಂ ಹೈಡ್ರಾಕ್ಸೈಡ್ 3 ಮಿ.ಲೀ. ಹಾಕಿ ಕುಲುಕಿ. ಪೂರ್ತಿ ಕರಗಿದರೆ ಕ್ರೆಸಾಲ್. ಎಣ್ಣೆಯ ಹಾಗೆ ಬೇರೆಯಾಗಿ ನಿಂತರೆ ಬೆಂಜೈಲ್ ಆಲ್ಕೊಹಾಲ್ ಅಥವಾ ಅನಿಸೋಲ್. ಕಾರಣ ಆಮ್ಲೀಯತೆ: ಕ್ರೆಸಾಲ್‌ಗಳ ಪಿಕೆಎ (ಇದು ಕಡಿಮೆಯಾದಷ್ಟೂ ಆಮ್ಲ ಬಲವಾದದ್ದು) 10.1ರಿಂದ 10.3ರ ಆಸುಪಾಸು, ಬೆಂಜೈಲ್ ಆಲ್ಕೊಹಾಲಿನದು ಸುಮಾರು 15.4, ಅಂದರೆ ಹೆಚ್ಚುಕಡಿಮೆ ನೀರಿನಷ್ಟೇ. ಕ್ರೆಸಾಕ್ಸೈಡ್ ಅಯಾನಿನ ಋಣಾವೇಶ ಉಂಗುರದೊಳಕ್ಕೆ ಹರಡುತ್ತದೆ, ಬೆಂಜೈಲ್ ಆಲ್ಕೊಹಾಲಿನಲ್ಲಿ ನಡುವೆ ಇರುವ ಕಾರ್ಬನ್ ಆ ದಾರಿಯನ್ನು ಮುಚ್ಚಿದೆ. ಸೋಡಿಯಂ ಬೈಕಾರ್ಬೊನೇಟಿನಲ್ಲಿ ಮಾತ್ರ ಐದರಲ್ಲಿ ಯಾವುದೂ ನೊರೆ ಎಬ್ಬಿಸುವುದಿಲ್ಲ. ಕಾರ್ಬೊನಿಕ್ ಆಮ್ಲ ಕ್ರೆಸಾಲ್‌ಗಿಂತ ಬಲವಾದದ್ದು. ನೊರೆ ಬಂದರೆ ನಿಮ್ಮ ಕೈಯಲ್ಲಿರುವುದು ಈ ಗುಂಪಿನ ಶುದ್ಧ ವಸ್ತುವಲ್ಲ, ಹಳೆಯ ಬೆಂಜೈಲ್ ಆಲ್ಕೊಹಾಲ್ ಉತ್ಕರ್ಷಿಸಿ ಬೆಂಜೋಯಿಕ್ ಆಮ್ಲ ಸೇರಿಕೊಂಡಿರಬಹುದು.

ಎರಡನೆಯದು ಫೆರಿಕ್ ಕ್ಲೋರೈಡ್. ದ್ರಾವಣ ತಟಸ್ಥವಾಗಿರಬೇಕು. ಶೀಸೆಯಲ್ಲಿರುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಅದು ಬಣ್ಣವನ್ನು ತಡೆಯುತ್ತದೆ. ಅದಕ್ಕೆ ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಸೇರಿಸಿ, ಕಂದು ಒತ್ತರ ಕರಗದೆ ನಿಲ್ಲುವ ಹಂತಕ್ಕೆ ಬಂದಾಗ ಸೋಸಿ, ಸೋಸಿದ ದ್ರವವನ್ನು ಬಳಸಿ. ಮಾದರಿಯ ಎರಡು ಹನಿಯನ್ನು 5 ಮಿ.ಲೀ. ನೀರಿನಲ್ಲಿ ಕುಲುಕಿ ಒಂದೆರಡು ಹನಿ ಈ ದ್ರಾವಣ ಹಾಕಿದರೆ ಕ್ರೆಸಾಲ್‌ಗಳು ನೀಲಿ ಅಥವಾ ನೇರಳೆ ಬಣ್ಣ ಕೊಡುತ್ತವೆ. ಬಣ್ಣ ಬೇಗ ಮಾಸುವುದುಂಟು, ಮೊದಲ ಕ್ಷಣದಲ್ಲೇ ನೋಡಬೇಕು. ಮೂರು ಕ್ರೆಸಾಲ್‌ಗಳನ್ನು ಈ ಬಣ್ಣದ ಛಾಯೆಯಿಂದ ಬೇರ್ಪಡಿಸುತ್ತೇನೆ ಎಂದು ಹೊರಡಬೇಡಿ. ಮಾದರಿ ಕಂದು ತಿರುಗಿದ್ದರೆ ಛಾಯೆಗೆ ಅರ್ಥವೇ ಇಲ್ಲ.

ಕ್ರೆಸಾಲ್ ಅಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಲ್ಯೂಕಾಸ್ ಕಾರಕ. 34 ಗ್ರಾಂ ನಿರ್ಜಲ ಸತು ಕ್ಲೋರೈಡನ್ನು 22 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಮಂಜುಗಡ್ಡೆಯ ನೀರಿನಲ್ಲಿಟ್ಟು, ಸ್ವಲ್ಪಸ್ವಲ್ಪವಾಗಿ ಕರಗಿಸಿ. ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹಾರಿಹೋಗಿ ಕಾರಕದ ಬಲ ಕುಗ್ಗುತ್ತದೆ. ಈ ಕಾರಕ 2 ಮಿ.ಲೀ.ಗೆ ಮಾದರಿಯ ನಾಲ್ಕೈದು ಹನಿ ಹಾಕಿದರೆ ಬೆಂಜೈಲ್ ಆಲ್ಕೊಹಾಲ್ ಬಲುಬೇಗ ಮಸುಕಾಗುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ಪ್ರಾಥಮಿಕ ಆಲ್ಕೊಹಾಲ್ ಕೋಣೆಯ ಉಷ್ಣತೆಯಲ್ಲಿ ಮಸುಕಾಗುವುದಿಲ್ಲ ಎಂಬ ನಿಯಮವನ್ನು ಬಾಯಿಪಾಠ ಮಾಡಿಕೊಂಡು, ಮಸುಕಾದದ್ದನ್ನು ಕಂಡ ಕೂಡಲೇ ತೃತೀಯಕ ಎಂದು ಬರೆದುಬಿಡುತ್ತಾರೆ. ಬೆಂಜೈಲ್ ಆಲ್ಕೊಹಾಲ್ ಪ್ರಾಥಮಿಕವೇ. ಆದರೆ ಹೈಡ್ರಾಕ್ಸಿಲ್ ಕಳಚಿದಾಗ ಉಳಿಯುವ ಧನ ಅಯಾನನ್ನು ಪಕ್ಕದ ಉಂಗುರ ಹಿಡಿದು ನಿಲ್ಲಿಸುತ್ತದೆ. ಆ ಅಯಾನು ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂಬುದರ ಮೇಲೆ ಲ್ಯೂಕಾಸ್ ಪರೀಕ್ಷೆಯ ವೇಗ ನಿಂತಿದೆ, ಪ್ರಾಥಮಿಕ ದ್ವಿತೀಯಕ ಎಂಬ ಹೆಸರಿನ ಮೇಲಲ್ಲ.

ಕ್ರಮ ತಪ್ಪಬಾರದು ಎಂದದ್ದು ಇದಕ್ಕೆ. ಮಸುಕು ಅಂದರೆ ಕರಗದ ಹನಿಗಳು ಹರಡಿರುವುದಷ್ಟೆ. ಅನಿಸೋಲ್ ಈ ಕಾರಕದಲ್ಲಿ ಚೆನ್ನಾಗಿ ಕರಗುವುದಿಲ್ಲ, ಕುಲುಕಿದರೆ ಅದೂ ಮಸುಕಾಗಿಯೇ ಕಾಣುತ್ತದೆ. ಕ್ರೆಸಾಲ್ ಕೂಡ ಹೀಗೆ ಮೋಸ ಮಾಡಬಲ್ಲದು. ಆದ್ದರಿಂದ ಅನಿಸೋಲ್ ಮತ್ತು ಬೆಂಜೈಲ್ ಆಲ್ಕೊಹಾಲ್ ನಡುವಿನ ಅಂತಿಮ ತೀರ್ಪನ್ನು ಲ್ಯೂಕಾಸ್‌ಗೆ ಬಿಡದೆ ಸೋಡಿಯಂ ಲೋಹಕ್ಕೋ ಉತ್ಕರ್ಷಣಕ್ಕೋ ಬಿಡುವುದು ಒಳ್ಳೆಯದು. ಚೆನ್ನಾಗಿ ಒಣಗಿಸಿದ ಮಾದರಿಗೆ ಅಕ್ಕಿ ಕಾಳಿನಷ್ಟು ಸೋಡಿಯಂ ಹಾಕಿದರೆ ಬೆಂಜೈಲ್ ಆಲ್ಕೊಹಾಲ್ ಹೈಡ್ರೋಜನ್ ಗುಳ್ಳೆ ಬಿಡುತ್ತದೆ, ಅನಿಸೋಲ್ ಸುಮ್ಮನಿರುತ್ತದೆ. ಒಣಗಿಸದಿದ್ದರೆ ಗುಳ್ಳೆ ನೀರಿನಿಂದಲೇ ಬರುತ್ತದೆ, ಪರೀಕ್ಷೆ ವ್ಯರ್ಥ. ಲ್ಯೂಕಾಸ್‌ನಲ್ಲಿ ಹುಟ್ಟುವ ಬೆಂಜೈಲ್ ಕ್ಲೋರೈಡ್ ಕಣ್ಣಲ್ಲಿ ನೀರು ತರಿಸುವ ವಸ್ತು, ಫ್ಯೂಮ್ ಹುಡ್ ಒಳಗೇ ಮಾಡಿ.

ಉತ್ಕರ್ಷಣ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಕೊನೆಗೆ ಕೈಯಲ್ಲಿ ಹರಳು ಸಿಗುತ್ತದೆ. 1 ಮಿ.ಲೀ. ಬೆಂಜೈಲ್ ಆಲ್ಕೊಹಾಲಿಗೆ ಲೆಕ್ಕದ ಪ್ರಕಾರ 2 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಸಾಕು, 2.5 ಗ್ರಾಂ ತೆಗೆದುಕೊಳ್ಳಿ. ಅದನ್ನು 50 ಮಿ.ಲೀ. ನೀರಿನಲ್ಲಿ 1 ಗ್ರಾಂ ಸೋಡಿಯಂ ಕಾರ್ಬೊನೇಟಿನ ಜೊತೆ ಕರಗಿಸಿ, ಮಾದರಿ ಸೇರಿಸಿ, ರಿಫ್ಲಕ್ಸ್ ಕಂಡೆನ್ಸರ್ ಹಾಕಿ ಅರ್ಧ ಗಂಟೆ ಕುದಿಸಿ. ನೇರಳೆ ಬಣ್ಣ ಉಳಿದಿದ್ದರೆ ಸೋಡಿಯಂ ಬೈಸಲ್ಫೈಟ್ ಚಿಟಿಕೆ ಚಿಟಿಕೆಯಾಗಿ ಹಾಕಿ ತೆಗೆಯಿರಿ. ಬಣ್ಣ ಇರುವಾಗಲೇ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಂದು ಮ್ಯಾಂಗನೀಸ್ ಡೈಆಕ್ಸೈಡನ್ನು ಬಿಸಿಯಾಗಿರುವಾಗಲೇ ಸೋಸಿ, ತಣಿಸಿ, ಆಮ್ಲ ಹಾಕಿದರೆ ಬಿಳಿಯ ಬೆಂಜೋಯಿಕ್ ಆಮ್ಲ ಕೆಳಗಿಳಿಯುತ್ತದೆ. ಲೆಕ್ಕದಂತೆ 1.18 ಗ್ರಾಂ ಬರಬೇಕು. ಕೈಗೆ ಕಡಿಮೆ ಸಿಗುತ್ತದೆ, ಏಕೆಂದರೆ 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 3.4 ಗ್ರಾಂ ಬೆಂಜೋಯಿಕ್ ಆಮ್ಲವನ್ನು ಕರಗಿಸಿಟ್ಟುಕೊಳ್ಳುತ್ತದೆ. ತೊಳೆಯಲು ಮಂಜಿನಷ್ಟು ತಣ್ಣಗಿನ ನೀರನ್ನೇ, ಅದನ್ನೂ ಕೆಲವೇ ಮಿ.ಲೀ. ಬಳಸಿ. ಬಿಸಿ ನೀರಿನಿಂದ ಮರುಹರಳುಗಟ್ಟಿಸಿದ ಮೇಲೆ 122 ಡಿಗ್ರಿಯಲ್ಲಿ ಕರಗಿದರೆ ಸಂಶಯ ಉಳಿಯುವುದಿಲ್ಲ.

ಅನಿಸೋಲ್‌ಗೆ ನೇರ ಸಾಕ್ಷಿ ಬೇಕಾದರೆ ಹೈಡ್ರೋಅಯೊಡಿಕ್ ಆಮ್ಲದ ಜೊತೆ ಕಾಯಿಸಬೇಕು. ಫಿನಾಲ್ ಮತ್ತು ಮೀಥೈಲ್ ಅಯೊಡೈಡ್ ಸಿಗುತ್ತವೆ. ಅಯೊಡೊಬೆಂಜೀನ್ ಮತ್ತು ಮೀಥನಾಲ್ ಎಂದು ಬರೆದರೆ ಅಂಕ ಹೋಯಿತು, ಅಯೊಡೈಡ್ ದಾಳಿ ಮಾಡುವುದು ಮೀಥೈಲ್ ಕಾರ್ಬನ್ನಿನ ಮೇಲೆ, ಉಂಗುರದ ಕಾರ್ಬನ್ನಿನ ಮೇಲಲ್ಲ. ಹೊರಬರುವ ಮೀಥೈಲ್ ಅಯೊಡೈಡನ್ನು ಆಲ್ಕೊಹಾಲಿನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟಿಗೆ ಹಾಯಿಸಿ ಸಿಲ್ವರ್ ಅಯೊಡೈಡನ್ನು ತೂಗುವುದು ಝೈಸೆಲ್ ವಿಧಾನ: 0.1 ಗ್ರಾಂ ಅನಿಸೋಲ್‌ಗೆ 0.217 ಗ್ರಾಂ. ಮೀಥೈಲ್ ಅಯೊಡೈಡ್ ವಿಷಕಾರಿ, 42 ಡಿಗ್ರಿಯಲ್ಲೇ ಕುದಿಯುತ್ತದೆ, ಹಾಗಾಗಿ ಇದು ಪದವಿ ತರಗತಿಯ ಬೆಂಚಿನ ಮೇಲೆ ಮಾಡುವ ಪ್ರಯೋಗವಲ್ಲ.

ಕ್ರೆಸಾಲ್ ಎಂದು ತಿಳಿದ ಮೇಲೆ ಮೂರರಲ್ಲಿ ಯಾವುದು? ಕರಗುವ ಬಿಂದು ಮೊದಲ ಸುಳಿವು. ಪ್ಯಾರಾ 35 ಡಿಗ್ರಿ, ಆರ್ಥೋ 31, ಮೆಟಾ ಸುಮಾರು 12. ಡಿಸೆಂಬರಿನ ಬೆಂಗಳೂರಿನಲ್ಲಿ ಪ್ಯಾರಾ ಮತ್ತು ಆರ್ಥೋ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತವೆ, ಮೆಟಾ ದ್ರವವಾಗಿಯೇ ಇರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಮೂರೂ ದ್ರವ. ಗಟ್ಟಿಯಾದದ್ದನ್ನು ತೆಗೆಯಲು ಮುಚ್ಚಳ ಸಡಿಲಿಸಿ ಬಾಟಲಿಯನ್ನು 45ರಿಂದ 50 ಡಿಗ್ರಿಯ ನೀರಿನಲ್ಲಿ ನಿಲ್ಲಿಸಿ, ಬೆಂಕಿಗೆ ಹಿಡಿಯಬೇಡಿ. ತುಸು ನೀರು ಸೇರಿದರೂ ಕರಗುವ ಬಿಂದು ಬಿದ್ದುಹೋಗುತ್ತದೆ, ಆದ್ದರಿಂದ ದ್ರವವಾಗಿದೆ ಎಂಬ ಒಂದೇ ಕಾರಣಕ್ಕೆ ಮೆಟಾ ಎನ್ನಬೇಡಿ.

ಬ್ರೋಮಿನ್ ನೀರು ಇದಕ್ಕಿಂತ ನಂಬಬಹುದಾದ ಸಾಕ್ಷಿ. ಹೈಡ್ರಾಕ್ಸಿಲ್ ಗುಂಪು ತನ್ನ ಎರಡು ಆರ್ಥೋ ಮತ್ತು ಒಂದು ಪ್ಯಾರಾ ಸ್ಥಾನಕ್ಕೆ ಬ್ರೋಮಿನನ್ನು ಕರೆಯುತ್ತದೆ. ಮೆಟಾ ಕ್ರೆಸಾಲಿನಲ್ಲಿ ಈ ಮೂರೂ ಖಾಲಿ, ಮೂರು ಬ್ರೋಮಿನ್ ಕೂರುತ್ತವೆ. ಆರ್ಥೋ ಮತ್ತು ಪ್ಯಾರಾ ಕ್ರೆಸಾಲ್‌ಗಳಲ್ಲಿ ಒಂದು ಜಾಗವನ್ನು ಮೀಥೈಲ್ ಆಗಲೇ ಹಿಡಿದಿದೆ, ಎರಡೇ ಕೂರುತ್ತವೆ. 0.2 ಗ್ರಾಂ ಮಾದರಿಯನ್ನು 10 ಮಿ.ಲೀ. ನೀರಿನಲ್ಲಿ ಕುಲುಕಿ, ತಿಳಿ ಹಳದಿ ನಿಲ್ಲುವವರೆಗೆ ಬ್ರೋಮಿನ್ ನೀರನ್ನು ಹನಿಹನಿಯಾಗಿ ಹಾಕಿ. ಒತ್ತರವನ್ನು ಸೋಸಿ, ದುರ್ಬಲ ಬೈಸಲ್ಫೈಟಿನಿಂದ ತೊಳೆದು, ನೀರು ಬೆರೆಸಿದ ಈಥನಾಲಿನಿಂದ ಹರಳುಗಟ್ಟಿಸಿ ಕರಗುವ ಬಿಂದು ನೋಡಿ: ಮೆಟಾದ ಟ್ರೈಬ್ರೋಮೊ 84 ಡಿಗ್ರಿ, ಆರ್ಥೋದ ಡೈಬ್ರೋಮೊ 56, ಪ್ಯಾರಾದ್ದು 49. ಬ್ರೋಮಿನ್ ಅತಿಯಾದರೆ ಪ್ಯಾರಾ ಕ್ರೆಸಾಲ್ ಮುಂದುವರಿದು ಇನ್ನಷ್ಟು ಬ್ರೋಮಿನ್ ಹೊತ್ತ ಬೇರೆ ವಸ್ತುವಾಗುತ್ತದೆ, 49ರ ಬದಲು ಮತ್ತೇನೋ ಸಿಗುತ್ತದೆ. ಹಳದಿ ಕಂಡಲ್ಲಿಗೆ ನಿಲ್ಲಿಸಿ.

ಪ್ಯಾರಾವನ್ನು ಮಾತ್ರ ಪ್ರತ್ಯೇಕಿಸಬೇಕಿದ್ದರೆ ಲೀಬರ್‌ಮನ್ ಪರೀಕ್ಷೆ (ಸೋಡಿಯಂ ನೈಟ್ರೈಟ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿ ಬಣ್ಣ ನೋಡುವುದು) ಸಾಕು. ನೈಟ್ರೋಸೊ ಗುಂಪು ಪ್ಯಾರಾ ಸ್ಥಾನದಲ್ಲಿ ಕೂರಬೇಕು, ಅಲ್ಲಿ ಮೀಥೈಲ್ ಇದ್ದರೆ ಕೆಂಪು, ಹಸಿರು, ನೀಲಿಗಳ ಆಟ ನಡೆಯುವುದಿಲ್ಲ.

ಸ್ಪೆಕ್ಟ್ರಮ್ ಕೊಟ್ಟಿದ್ದರೆ ಕೆಲಸ ಇನ್ನೂ ಹಗುರ. ಕಾರ್ಬನ್-13 ಎನ್‌ಎಂಆರ್‌ನಲ್ಲಿ ಆರ್ಥೋ ಮತ್ತು ಮೆಟಾ ಕ್ರೆಸಾಲ್‌ಗಳಿಗೆ 7 ಸಂಕೇತ, ಉಳಿದ ಮೂರಕ್ಕೂ 5. ಸಂಖ್ಯೆಯ ಹಿಂದಿರುವುದು ಮೇಲೆ ಎಳೆದ ಅದೇ ಸಮಮಿತಿಯ ಗೆರೆ. 5 ಇರುವವುಗಳನ್ನು ಉಂಗುರದ ಹೊರಗಿನ ಕಾರ್ಬನ್ ಹೇಳುತ್ತದೆ: ಪ್ಯಾರಾ ಕ್ರೆಸಾಲಿನಲ್ಲಿ 20ರ ಹತ್ತಿರ, ಅನಿಸೋಲಿನಲ್ಲಿ 55, ಬೆಂಜೈಲ್ ಆಲ್ಕೊಹಾಲಿನಲ್ಲಿ 65 ಪಿಪಿಎಂ. 7 ಇರುವ ಎರಡರಲ್ಲಿ ಆರ್ಥೋದ ಮೀಥೈಲ್ 16ರ ಬಳಿ ಬರುತ್ತದೆ, ಪಕ್ಕದಲ್ಲೇ ಇರುವ ಆಕ್ಸಿಜನ್ ಅದನ್ನು ಕೆಳಗೆ ಸರಿಸಿದೆ. ಮೆಟಾದ್ದು 21. ಐಆರ್‌ನಲ್ಲಿ 3300 ಸೆಂ.ಮೀ.⁻¹ ಸುತ್ತ ಅಗಲ ಪಟ್ಟಿ ಇಲ್ಲದಿದ್ದರೆ ಅನಿಸೋಲ್, 1245ರ ಬಳಿಯ ಬಲವಾದ ಪಟ್ಟಿ ಅದನ್ನು ಖಚಿತಪಡಿಸುತ್ತದೆ. ಮಾದರಿ ಒದ್ದೆಯಾಗಿದ್ದರೆ ನೀರೇ 3300ರ ಕಡೆ ಪಟ್ಟಿ ಕೊಡುತ್ತದೆ, ಎಚ್ಚರ.

ಬೇರ್ಪಡಿಸುವ ಪ್ರಶ್ನೆಗೆ ಬರೋಣ. ಪ್ಯಾರಾ ಕ್ರೆಸಾಲ್, ಬೆಂಜೈಲ್ ಆಲ್ಕೊಹಾಲ್, ಅನಿಸೋಲ್ ತಲಾ 5 ಗ್ರಾಂ ಬೆರೆತಿವೆ ಎನ್ನಿ. 60 ಮಿ.ಲೀ. ಡೈಈಥೈಲ್ ಈಥರಿನಲ್ಲಿ ಕರಗಿಸಿ ಸೆಪರೇಟಿಂಗ್ ಫನಲ್‌ಗೆ ಹಾಕಿ. 5 ಗ್ರಾಂ ಕ್ರೆಸಾಲ್ ಅಂದರೆ 0.046 ಮೋಲ್, ಅದಕ್ಕೆ 10% ಸೋಡಿಯಂ ಹೈಡ್ರಾಕ್ಸೈಡ್ 19 ಮಿ.ಲೀ. ಆದರೂ ಸಾಕು. 25 ಮಿ.ಲೀ.ಯಂತೆ ಎರಡು ಸಲ ಕುಲುಕಿ ಕೆಳಗಿನ ನೀರಿನ ಪದರವನ್ನು ತೆಗೆದಿಡಿ. ಪ್ರತಿ ಸಲ ಕುಲುಕಿದ ಕೂಡಲೇ ಫನಲ್ ತಿರುಗಿಸಿ ತಿರುಪು ತೆರೆದು ಈಥರಿನ ಒತ್ತಡ ಬಿಡಬೇಕು. ನೀರಿನ ಪದರದಲ್ಲಿ ಒಂದಷ್ಟು ಬೆಂಜೈಲ್ ಆಲ್ಕೊಹಾಲೂ ಇಳಿದಿರುತ್ತದೆ, ಅದು 100 ಮಿ.ಲೀ. ನೀರಿನಲ್ಲಿ ಸುಮಾರು 4 ಗ್ರಾಂ ಕರಗುವ ವಸ್ತು. ಹಾಗಾಗಿ ಆಮ್ಲ ಹಾಕುವ ಮುನ್ನವೇ ಈ ಕ್ಷಾರ ಪದರವನ್ನು 20 ಮಿ.ಲೀ. ಹೊಸ ಈಥರಿನಿಂದ ಒಮ್ಮೆ ತೊಳೆದು, ಆ ಈಥರನ್ನು ಮೊದಲಿನದಕ್ಕೆ ಸೇರಿಸಿ. ಈ ಹಂತ ಬಿಟ್ಟವರ ಕ್ರೆಸಾಲ್ ಶುದ್ಧವಾಗಿ ಸಿಗುವುದಿಲ್ಲ, ಕರಗುವ ಬಿಂದು ಕೆಳಗಿಳಿದಿರುತ್ತದೆ. ಆಮೇಲೆ ತಣ್ಣಗಿರಿಸಿ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು, ಸುಮಾರು 11 ಮಿ.ಲೀ., ಲಿಟ್ಮಸ್ ಕೆಂಪಾಗುವವರೆಗೆ ಹಾಕಿದರೆ ಕ್ರೆಸಾಲ್ ಎಣ್ಣೆಯಾಗಿ ಬೇರ್ಪಡುತ್ತದೆ. ಅದನ್ನು ಈಥರಿಗೆ ತೆಗೆದುಕೊಂಡು ನಿರ್ಜಲ ಸೋಡಿಯಂ ಸಲ್ಫೇಟಿನಲ್ಲಿ ಒಣಗಿಸಿ.

ಮೇಲಿನ ಈಥರ್ ಪದರದಲ್ಲಿ ಉಳಿದ ಎರಡನ್ನು ಕುದಿಬಿಂದು ಬೇರ್ಪಡಿಸುತ್ತದೆ: ಅನಿಸೋಲ್ 154 ಡಿಗ್ರಿ, ಬೆಂಜೈಲ್ ಆಲ್ಕೊಹಾಲ್ 205. ಇಷ್ಟು ವ್ಯತ್ಯಾಸಕ್ಕೆ ಕಾರಣ ಹೈಡ್ರೋಜನ್ ಬಂಧ, ಅನಿಸೋಲ್ ಅಣುಗಳಿಗೆ ಪರಸ್ಪರ ಹಾಗೆ ಹಿಡಿದುಕೊಳ್ಳಲು ಬರುವುದಿಲ್ಲ. ಈಥರ್ ಆವಿಗೆ ಬೆಂಕಿ ತಗುಲದಂತೆ ಮೊದಲು ಬಿಸಿನೀರಿನ ಮೇಲೆ ಅದನ್ನು ಓಡಿಸಿ, ನಂತರವಷ್ಟೇ ಮ್ಯಾಂಟಲ್ ಹಚ್ಚಿ. ಹಳೆಯ ಈಥರಿನಲ್ಲಿ ಪೆರಾಕ್ಸೈಡ್ ಇರಬಹುದು, ಪರೀಕ್ಷಿಸದೆ ಯಾವತ್ತೂ ಒಣಗುವವರೆಗೆ ಬಟ್ಟಿ ಇಳಿಸಬೇಡಿ.

ಮೂರು ಕ್ರೆಸಾಲ್‌ಗಳೇ ಬೆರೆತಿದ್ದರೆ ಕಥೆ ಬೇರೆ. ಆರ್ಥೋ 191 ಡಿಗ್ರಿಯಲ್ಲಿ ಕುದಿಯುವುದರಿಂದ ಒಳ್ಳೆಯ ಕಾಲಂ ಇದ್ದರೆ ಮೇಲೆ ಬರುತ್ತದೆ. ಮೆಟಾ ಮತ್ತು ಪ್ಯಾರಾ ಎರಡೂ 202ರ ಆಸುಪಾಸು, ನಡುವೆ ಅರ್ಧ ಡಿಗ್ರಿಯೂ ಇಲ್ಲ. ಯಾವ ಕಾಲಂನಿಂದಲೂ ಅವು ಸಲೀಸಾಗಿ ಬೇರೆಯಾಗವು. ಕಾರ್ಖಾನೆಗಳಲ್ಲಿ ಮೆಟಾ ಮತ್ತು ಪ್ಯಾರಾಗಳ ಮಿಶ್ರಣಕ್ಕೆ ಆಮ್ಲದ ಸಹಾಯದಿಂದ ಐಸೋಬ್ಯುಟಿಲೀನ್ ಸೇರಿಸುತ್ತಾರೆ. ಬ್ಯುಟೈಲ್ ಗುಂಪು ಹೊತ್ತ ಮೆಟಾ ಮತ್ತು ಪ್ಯಾರಾ ಸಂಯುಕ್ತಗಳ ಕುದಿಬಿಂದುಗಳು ದೂರ ಸರಿಯುತ್ತವೆ. ಬಟ್ಟಿ ಇಳಿಸಿ ಬೇರ್ಪಡಿಸಿ, ಆಮೇಲೆ ಬ್ಯುಟೈಲನ್ನು ಕಳಚುತ್ತಾರೆ. ಪ್ಯಾರಾದ ಕಡೆ ಕಳಚದೆ ಬಿಟ್ಟರೆ ಅದೇ ಮಾರಾಟದ ವಸ್ತು: ಎರಡು ಟರ್ಷಿಯರಿ ಬ್ಯುಟೈಲ್ ಹೊತ್ತ ಪ್ಯಾರಾ ಕ್ರೆಸಾಲ್ ಅಂದರೆ ಎಣ್ಣೆ ಕಮಟು ಹಿಡಿಯದಂತೆ ಬಳಸುವ ಬಿಎಚ್‌ಟಿ. ಮೆಟಾ ಕ್ರೆಸಾಲ್ ಇನ್ಸುಲಿನ್ ಸೀಸೆಗಳಲ್ಲಿ ಸಂರಕ್ಷಕವಾಗಿರುತ್ತದೆ, ಆ ಸೀಸೆಯ ಆಸ್ಪತ್ರೆ ವಾಸನೆ ಅದರದೇ. ಬೆಂಜೈಲ್ ಆಲ್ಕೊಹಾಲ್ 0.9% ಪ್ರಮಾಣದಲ್ಲಿ ಕೆಲವು ಚುಚ್ಚುಮದ್ದುಗಳಲ್ಲಿ ಇರುತ್ತದೆ. ನವಜಾತ ಶಿಶುಗಳ ದೇಹ ಅದನ್ನು ನಿಭಾಯಿಸಲಾರದು ಎಂದು 1980ರ ದಶಕದ ಆರಂಭದಲ್ಲಿ ಸಾವುಗಳ ಮೂಲಕ ತಿಳಿದುಬಂತು, ಅಂದಿನಿಂದ ಅವರಿಗೆ ಅದಿಲ್ಲದ ದ್ರಾವಣ ಕೊಡುತ್ತಾರೆ. ಒಂದೇ ಸೂತ್ರದ ವಸ್ತುಗಳೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ನೆನೆಯುವುದೂ ತಪ್ಪು.

ಕ್ರೆಸಾಲ್ ಚರ್ಮವನ್ನು ಸುಡುತ್ತದೆ, ಚರ್ಮದ ಮೂಲಕ ರಕ್ತಕ್ಕೂ ಸೇರುತ್ತದೆ. ಮೊದಲಿಗೆ ಉರಿಯ ಬದಲು ಜೋಮು ಹಿಡಿದಂತಾಗಬಹುದು, ಆದ್ದರಿಂದ ನೋವಿಲ್ಲ ಎಂದು ಸುಮ್ಮನಿರಬೇಡಿ. ಬಿದ್ದ ಬಟ್ಟೆ ತೆಗೆದು, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು, ವೈದ್ಯರ ಬಳಿ ಹೋಗಬೇಕು. ವಾಸನೆ ನೋಡಿ ಗುರುತಿಸುವ ಅಭ್ಯಾಸವೂ ಬೇಡ.

ನಿಮ್ಮ ಎಣಿಕೆ ಈಗ ಗಟ್ಟಿಯಾಗಿದೆಯೇ ಎಂದು ನೋಡಲು ಇನ್ನೊಂದು ಕಾರ್ಬನ್ ಸೇರಿಸಿ ಸಿ₈ಎಚ್₁₀ಒ ತೆಗೆದುಕೊಳ್ಳಿ. ಮೊದಲು ಆಕ್ಸಿಜನ್ ಎಲ್ಲಿದೆ ಎಂದು ಪಂಗಡ ಮಾಡಿ, ಆಮೇಲೆ ಪ್ರತಿ ಪಂಗಡದಲ್ಲಿ ಸ್ಥಾನ ಎಣಿಸಿ. ಫಿನಾಲ್‌ಗಳಲ್ಲಿ ಎರಡು ಮೀಥೈಲ್ ಇರುವವು 6, ಒಂದು ಈಥೈಲ್ ಇರುವವು 3. ಈಥರ್‌ಗಳಲ್ಲಿ ಮೀಥೈಲ್ ಅನಿಸೋಲ್ 3, ಈಥಾಕ್ಸಿಬೆಂಜೀನ್ 1, ಬೆಂಜೈಲ್ ಮೀಥೈಲ್ ಈಥರ್ 1. ಆಲ್ಕೊಹಾಲ್‌ಗಳಲ್ಲಿ ಮೀಥೈಲ್ ಬೆಂಜೈಲ್ ಆಲ್ಕೊಹಾಲ್ 3, 1-ಫಿನೈಲ್ ಈಥನಾಲ್, 2-ಫಿನೈಲ್ ಈಥನಾಲ್. ಒಟ್ಟು 19. ಇವುಗಳಲ್ಲಿ 1-ಫಿನೈಲ್ ಈಥನಾಲ್ ಒಂದಕ್ಕೆ ಮಾತ್ರ ನಾಲ್ಕು ಬೇರೆ ಬೇರೆ ಗುಂಪು ಹೊತ್ತ ಕಾರ್ಬನ್ ಇದೆ, ಅದರ ಎರಡು ದರ್ಪಣ ರೂಪಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 20. ಡೈಮೀಥೈಲ್ ಫಿನಾಲ್‌ಗಳಲ್ಲಿ ನಿಮಗೆ 6ಕ್ಕಿಂತ ಹೆಚ್ಚು ಬಂದರೆ 2,5 ಎಂದು ಬರೆದದ್ದನ್ನೇ 3,6 ಎಂದು ಮತ್ತೆ ಬರೆದಿದ್ದೀರೋ ಎಂದು ಮೊದಲು ಹುಡುಕಿ.